ಚಿಂತೆಯಿಲ್ಲದವರ ಪದ

ಕೆಲಸ ಬರುತ್ತದೆಯೇ ಎಂದು ಬರೀ ಬಾಯಿಮಾತಿನಲ್ಲಿ ಕೇಳಿ, ಏನನ್ನೂ ಕಲಿಸದೆ ಹುಡುಗಿಯೊಬ್ಬಳನ್ನು ಯಂತ್ರದ ಮುಂದೆ ನಿಲ್ಲಿಸಿದ ಕಾರ್ಖಾನೆಯ ಆಡಳಿತದವರೇ, ಅವಳ ಕೈ ಜಜ್ಜಿಹೋದುದಕ್ಕೆ ನೀವೇ ಹೊಣೆ. ನೀವು ದೂರುತ್ತಿರುವುದು ಮಾತ್ರ ನಮ್ಮ ಇಂಗ್ಲಿಷ್ ಮೇಷ್ಟ್ರನ್ನು.

ತಿ. ನರಸೀಪುರದ ಮಹಡಿಯೊಂದರ ಮೇಲೆ ಅವರು ಸಂದರ್ಶನಕ್ಕೆ ಹೋಗುವವರಿಗೆ ಪಾಠ ಹೇಳುತ್ತಿದ್ದರು. ನಾನೂ ಅಲ್ಲಿ ಕಲಿತೆ. ಯಾರಾದರೂ ತಲೆ ತಗ್ಗಿಸಿದರೆ, ಸೀಮೆಸುಣ್ಣ ಹತ್ತಿದ ಬೆರಳಿನಿಂದ ತಮ್ಮ ಗದ್ದವನ್ನೇ ಎತ್ತಿ ತೋರಿಸುತ್ತಿದ್ದರು. ಪಾಠ ಮುಗಿಯುವ ವೇಳೆಗೆ ಗದ್ದ ಬೆಳ್ಳಗಾಗಿರುತ್ತಿತ್ತು. "ಗೊತ್ತಿಲ್ಲ ಅನ್ಬೇಡಿ ಕಣ್ರೀ, ಶ್ಯೂರ್ ಸರ್ ಅನ್ನಿ!"

ಪದಗಳ ಮೂಲ ಹೇಳುವುದು ಅವರ ಚಪಲ. 'ಕಾನ್ಫಿಡೆನ್ಸ್' ಹುಟ್ಟಿದ್ದು ಲ್ಯಾಟಿನ್ನಿನ ನಂಬಿಕೆಯಿಂದ. 'ಶ್ಯೂರ್' ಎಂಬುದರ ಮೂಲಪದಕ್ಕೆ ಅಲ್ಲಿ ಚಿಂತೆಯಿಲ್ಲದವನು ಎಂದರ್ಥ. ಆ ಅರ್ಥಕ್ಕೆ ತಕ್ಕವರು ನಂಜನಗೂಡಿನಲ್ಲಿ ನೀವಿದ್ದೀರಿ ಎಂದು ಆಗ ನಮಗೆ ತಿಳಿದಿರಲಿಲ್ಲ.

ಮೇಷ್ಟ್ರ ಬಳಿಯೇ ಕಲಿತ ಕವಲಂದೆಯ ಆ ಹುಡುಗಿ, ಯಂತ್ರದ ಕೆಲಸ ಬರುತ್ತದೆಯೇ ಎಂದು ನೀವು ಕೇಳಿದಾಗ 'ಶ್ಯೂರ್ ಸರ್' ಎಂದು ಪಾಠ ಒಪ್ಪಿಸಿದಳು. ಅಂಥ ಯಂತ್ರವನ್ನು ಅವಳು ಕಂಡೇ ಇರಲಿಲ್ಲ. ನೀವು ಮೆಚ್ಚಿ ಮರುದಿನವೇ ಕೆಲಸಕ್ಕೆ ಹಚ್ಚಿದಿರಿ.

ಆಸ್ಪತ್ರೆಯಲ್ಲಿ ಮೇಷ್ಟ್ರನ್ನು ಕಂಡು ಅವಳು ನಕ್ಕಳು. "ನೀವ್ ಏಳ್ಕೊಟ್ಟಂಗೇ ಏಳ್ದೆ ಸಾ, ಕೆಲ್ಸ ಸಿಕ್ತು." ಆಮೇಲೆ ಬ್ಯಾಂಡೇಜು ನೋಡಿಕೊಂಡು ಕೇಳಿದಳು: "ಕೈ ಮೊದ್ಲಿನಂಗೆ ಆಯ್ತದಾ ಸಾ?"

ಮೇಷ್ಟ್ರು "ಗೊತ್ತಿಲ್ಲ ಕಣಮ್ಮ" ಎಂದರು.

'ಬರುತ್ತೆ ಅಂತ ಅವಳೇ ಹೇಳಿದಳು' ಎಂಬುದು ನಿಮ್ಮ ಸಮಜಾಯಿಷಿ. ಆ ಮಾತನ್ನು ಒಮ್ಮೆಯಾದರೂ ಪರೀಕ್ಷಿಸಲಿಲ್ಲವೇಕೆ ಎಂಬುದಕ್ಕೆ ಲಿಖಿತ ಉತ್ತರ ನೀಡಬೇಕೆಂದೂ, ಕೈ ವಾಸಿಯಾಗುವವರೆಗೆ ಅವಳ ಚಿಕಿತ್ಸೆಯ ವೆಚ್ಚವನ್ನು ವಹಿಸಿಕೊಂಡು ಕೆಲಸವನ್ನು ಉಳಿಸಬೇಕೆಂದೂ ಈ ಮೂಲಕ ಕೋರುತ್ತೇನೆ.