ಯಾಗಿಯೋ, ಕ್ವಾಡೋ

ಹವ್ಯಾಸಿ ರೇಡಿಯೋದವರಲ್ಲಿ ಒಂದು ಕೆಟ್ಟ ಚಾಳಿಯಿದೆ. ಎದುರಿನವನ ದನಿ ನೆಟ್ಟಗೆ ಕೇಳಿಸದಿದ್ದರೂ "ಐದು-ಒಂಬತ್ತು" ಎಂದು ಪೂರ್ತಿ ಅಂಕ ಕೊಟ್ಟುಬಿಡುತ್ತಾರೆ. ಮದುವೆ ಮನೆಯ ಸಾರನ್ನು ಹೊಗಳಿದ ಹಾಗೆ. ನನಗೆ ಇದು ಮೈ ಉರಿಸುತ್ತದೆ. ಬ್ಯಾಡಗಿಯ ನನ್ನ ಗೆಳೆಯನಿಗೂ ಅಷ್ಟೇ. ನಮ್ಮಿಬ್ಬರ ಸ್ನೇಹ ಕುದುರಿದ್ದೇ ಇದರಿಂದ. ಗಾಳಿಯಲ್ಲಿ ಯಾರು ಕೇಳುತ್ತಿರುತ್ತಾರೋ ಎಂದು ಶುರುವಿನಲ್ಲಿ ಹಿಡಿದ "ರೀ" ಕೊನೆಯವರೆಗೂ ಬಿಡಲಿಲ್ಲ, ಆದರೆ ಇದ್ದದ್ದನ್ನು ಇದ್ದ ಹಾಗೆ ಹೇಳುತ್ತಿದ್ದೆವು.

ನಾನು ಹಾವೇರಿ ಕೋರ್ಟಿನಲ್ಲಿ ವಕೀಲ. ಅವನದು ಮೆಣಸಿನಕಾಯಿಯ ದಲಾಲಿ ಅಂಗಡಿ. ಇಬ್ಬರ ಜಗಳ ಒಂದೇ: ಒಂದೇ ದಿಕ್ಕಿಗೆ ದನಿ ಕಳಿಸುವ ಆಂಟೆನಾಗಳಲ್ಲಿ ಯಾವುದು ಮೇಲು? ನನ್ನದು ಯಾಗಿ. ಒಂದು ಉದ್ದ ಕೊಳವೆ, ಅದಕ್ಕೆ ಅಡ್ಡಡ್ಡ ಅಲ್ಯೂಮಿನಿಯಂ ಕಡ್ಡಿಗಳು. ಎಂಥ ಗಾಳಿಗೂ ಜಗ್ಗುವುದಿಲ್ಲ. ಅವನದು ಕ್ವಾಡ್. ಬಿದಿರು ಕಡ್ಡಿಗಳಿಗೆ ತಾಮ್ರದ ತಂತಿಯನ್ನು ಚೌಕವಾಗಿ ಸುತ್ತಿ, ಒಂದರ ಹಿಂದೊಂದು ಚೌಕ ನಿಲ್ಲಿಸಿದ್ದು. ಉದ್ದ ಕಡಿಮೆಯಿದ್ದರೂ ಬಲ ಜಾಸ್ತಿ ಎಂದು ಅವನ ವಾದ. ಅದು ಆಂಟೆನಾ ಅಲ್ಲ, ಗಾಳಿಪಟ ಎಂದು ನಾನು ಕಾಡಿಸುತ್ತಿದ್ದೆ. "ನಿಮ್ಮದು ಕಾಗಿ ಕುಂದ್ರಾಕ ಛಲೋ ಐತ್ರಿ, ವಕೀಲರ" ಎನ್ನುತ್ತಿದ್ದ.

ತೀರ್ಮಾನವಾಗಲಿ ಎಂದು ನನ್ನದರಂಥದೇ ಇನ್ನೊಂದು ಯಾಗಿಯನ್ನೂ ಅವನ ಕ್ವಾಡನ್ನೂ ಅವನ ಮಾಳಿಗೆಯ ಮೇಲೆ ಒಂದೇ ಎತ್ತರಕ್ಕೆ, ಹಾವೇರಿಗೆ ಮುಖ ಮಾಡಿ ನಿಲ್ಲಿಸಿದೆವು. ಭಾನುವಾರ ಬೆಳಿಗ್ಗೆ ಅವನು ಒಮ್ಮೆ ಅದರಲ್ಲಿ, ಒಮ್ಮೆ ಇದರಲ್ಲಿ ಮಾತಾಡುವುದು. ನನ್ನ ಸೆಟ್ಟಿನ ಮೀಟರಿನಲ್ಲಿ ಮುಳ್ಳು ಎಷ್ಟು ಏರಿತೆಂದು ನಾನು ನೋಡುವುದು. ಆದರೆ ನಾವು ಬಳಸುವ ಬಗೆಯ ಪ್ರಸಾರದಲ್ಲಿ ದನಿ ಏರಿದರೆ ಮುಳ್ಳೂ ಏರುತ್ತದೆ, ದನಿ ತಗ್ಗಿದರೆ ಅದೂ ತಗ್ಗುತ್ತದೆ. ಕ್ವಾಡಿನ ಸರದಿ ಬಂದಾಗ ಅವನು ಎದೆ ತುಂಬಿ ಕೂಗುತ್ತಿದ್ದ, ಯಾಗಿಯ ಸರದಿಯಲ್ಲಿ ಗೊಣಗುತ್ತಿದ್ದ, ಕಳ್ಳ. ಸರಿಯಾದ ರೀತಿ ಇಬ್ಬರಿಗೂ ಗೊತ್ತಿತ್ತು. ಮಾತು ಬಿಟ್ಟು ಮೋರ್ಸ್ ಕೀಲಿಯನ್ನು ಒತ್ತಿ ಹಿಡಿದರೆ ಒಂದೇ ಸಮನೆ ಸಿಳ್ಳೆ ಬರುತ್ತದೆ, ಮುಳ್ಳು ಅಲುಗದೆ ನಿಲ್ಲುತ್ತದೆ. ಒಂದು ಗಳಿಗೆಯ ಕೆಲಸ. ವರ್ಷಗಟ್ಟಲೆ ಅದನ್ನು ಮಾಡಲಿಲ್ಲ. ಸಿಳ್ಳೆ ಕೇಳಲು ಯಾರಾದರೂ ಭಾನುವಾರದ ದಾರಿ ಕಾಯುತ್ತಾರೆಯೇ? ನಮಗೆ ಬೇಕಾಗಿದ್ದದ್ದು ಮಾತು.

ಹೋದ ಸುಗ್ಗಿಯಲ್ಲಿ ಅವನ ದನಿ ಒಡೆಯತೊಡಗಿತು. ಮೆಣಸಿನಕಾಯಿ ಬರತೊಡಗಿದರೆ ಬ್ಯಾಡಗಿಯಲ್ಲಿ ಊರಿಗೆ ಊರೇ ಕೆಮ್ಮುತ್ತದೆ. ಗಂಟಲು ಕಟ್ಟಿದ್ದನ್ನು ಅಲ್ಲಿ ಯಾರೂ ಮನಸ್ಸಿಗೆ ಹಚ್ಚಿಕೊಳ್ಳುವುದಿಲ್ಲ. "ಘಾಟ್ರೀ ಇದು" ಎಂದ. ನಾನೂ ಹೂಂಗುಟ್ಟಿದೆ. ಸುಗ್ಗಿ ಮುಗಿದು ಮಾರ್ಕೆಟ್ಟು ಖಾಲಿಯಾದರೂ ದನಿ ತಿರುಗಿ ಬರಲಿಲ್ಲ. ರಾಣೆಬೆನ್ನೂರಿನ ಗಂಟಲು ಡಾಕ್ಟರ ಹತ್ತಿರ ನಾನೇ ಕಾರಿನಲ್ಲಿ ಕರೆದುಕೊಂಡು ಹೋದೆ. ಒಳಗೆ ಅವನೊಬ್ಬನೇ ಹೋದ. ವಾಪಸು ಬರುವಾಗ ಕದರಮಂಡಲಗಿಯಲ್ಲಿ ಚಹಾಕ್ಕೆ ನಿಂತಾಗ ಬಾಯಿಬಿಟ್ಟ.

"ಕ್ಯಾನ್ಸರ್ ಐತಂತ್ರಿ. ಹುಬ್ಬಳ್ಳ್ಯಾಗ ಆಪರೇಶನ್. ದನಿಪೆಟ್ಟಿಗೀನ ತಗದಬಿಡ್ತಾರಂತ."

"ಜೀವಕ್ಕ?"

"ಜೀವಕ್ಕೇನಿಲ್ಲಂತ. ಮಾತ ಹೋಗ್ತೈತಿ."

ಜೀವ ಉಳಿಯಿತಲ್ಲ, ಅದೇ ದೊಡ್ಡದು ಎಂದು ಬೇರೆ ಯಾರಾದರೂ ಅಂದಿದ್ದರೆ ಅವರ ಮೇಲೆ ಹರಿಹಾಯುತ್ತಿದ್ದೆ. ನಾನೇ ಅದನ್ನು ಅಂದೆ.

ಹುಬ್ಬಳ್ಳಿಗೆ ಹೋಗುವ ಮುಂಚಿನ ಭಾನುವಾರ ಎರಡೂ ಆಂಟೆನಾಗಳಲ್ಲಿ ಮಾತಾಡಿದ. ಮುಳ್ಳು ಏಳಲೇ ಇಲ್ಲ.

"ರಿಪೋರ್ಟ್ ಕೊಡ್ರಿ ವಕೀಲರ. ಖರೇ ಖರೇ ಕೊಡ್ರಿ."

ಐದು-ಒಂಬತ್ತು ಎಂಬುದು ಬಾಯಿಯ ತನಕ ಬಂತು. ನುಂಗಿಕೊಂಡೆ. "ಎರಡೂ ಮಲಗ್ಯಾವ್ರಿ, ಸಾಹೇಬ್ರ" ಎಂದೆ.

"ಹಂಗಾರ ಜಗಳ ಇನ್ನೂ ಐತಿ" ಎಂದ. ನಾನು ಕೇಳಿದ ಅವನ ಕೊನೆಯ ಮಾತು ಅದು.

ಗಾಯ ಮಾಯ್ದು ಅವನು ಮನೆಗೆ ಬಂದ ಮೇಲೆ ಒಂದು ಭಾನುವಾರ ಎಂದಿನ ಹೊತ್ತಿಗೆ ಸೆಟ್ಟು ಹಚ್ಚಿ ಕುಳಿತೆ. ಯಾಕೆ ಹಚ್ಚಿದೆನೋ ನನಗೇ ತಿಳಿಯದು. ಮೋರ್ಸಿನಲ್ಲಿ ತಡವರಿಸುತ್ತ ಅವನ ಗುರುತಿನ ಅಕ್ಷರಗಳು ಬಂದವು. ಆಮೇಲೆ ಯಾಗಿಯ ಮೊದಲಕ್ಷರ, ಹಿಂದೆಯೇ ಉದ್ದನೆಯ ಸಿಳ್ಳೆ. ಕ್ವಾಡಿನ ಮೊದಲಕ್ಷರ, ಇನ್ನೊಂದು ಸಿಳ್ಳೆ. ಮುಳ್ಳು ಎರಡು ಸಲವೂ ಮೊಳೆ ಹೊಡೆದಂತೆ ನಿಂತಿತು. ಕ್ವಾಡ್ ತುಸು ಮೇಲಿತ್ತು, ಮೇಲ್ಮನವಿಗೆ ಜಾಗವೇ ಇಲ್ಲ. ಇಷ್ಟು ಸಲೀಸಾಗಿ ಮುಗಿಸಿಬಿಟ್ಟನಲ್ಲ ಎಂದು ಸಿಟ್ಟು ಬಂತು. ಇನ್ನು ಬರುವ ಭಾನುವಾರ ಯಾವುದರ ಮೇಲೆ ಜಗಳಾಡಲಿ? ಮೈಕು ಹಿಡಿದುಕೊಂಡು ಅತ್ತುಬಿಟ್ಟೆ. ಉತ್ತರ ಕೊಡಲು ಆಗಲಿಲ್ಲ.

ಸ್ವಲ್ಪ ಹೊತ್ತಿಗೆ ಅವನ ಹೆಂಡತಿ ಫೋನು ಮಾಡಿದರು. "ಭಾಯಿಸಾಬ್, ಯಾವ್ದು ಛಲೋ ಬಂತು ಅಂತ ಕೇಳಾಕತ್ತಾರ್ರಿ."

"ಕ್ವಾಡ್ ಗೆದ್ದೈತಿ ಅಂತ ಹೇಳ್ರಿ, ಭಾಭಿ."

ಅವರು ಆ ಕಡೆ ತಿರುಗಿ ಹೇಳಿದ್ದು ಕೇಳಿಸಿತು.

"ನಗಾಕತ್ತಾರ್ರಿ" ಎಂದರು.

ಫೋನನ್ನು ಕಿವಿಗೆ ಒತ್ತಿ ಹಿಡಿದೆ. ಏನೂ ಕೇಳಿಸಲಿಲ್ಲ.