ಹಂಚು ಸುಟ್ಟ ಬೆರಳು

ಯಾವಗಲ್ ಊರಿನ ನಮ್ಮ ಓಣಿಯಲ್ಲಿ ನನ್ನಷ್ಟು ತೆಳ್ಳಗೆ ರೊಟ್ಟಿ ಬಡಿಯುವವರು ಇನ್ನೊಬ್ಬರಿಲ್ಲ. ಇದನ್ನು ನಾನೇ ಹೇಳಬಾರದು, ಆದರೆ ಬೇರೆಯವರು ಹೇಳುವವರೆಗೆ ಕಾಯುವ ತಾಳ್ಮೆ ನನಗಿಲ್ಲ. ಅಂಥ ನನ್ನ ರೊಟ್ಟಿ ಹೋದ ವರ್ಷ ಹರಿಯತೊಡಗಿತು. ಒಂದು ಕಡೆ ದಪ್ಪ, ಇನ್ನೊಂದು ಕಡೆ ತೂತು. ಬೆರಳುಗಳಿಗೆ ಸದಾ ಜೋಮು ಹಿಡಿದಂತಿರುತ್ತಿತ್ತು. ದುಡಿದ ಕೈ, ಇರಲಿ ಬಿಡು ಅಂದುಕೊಂಡೆ. ತಪ್ಪೆಲ್ಲ ಹಿಟ್ಟಿನದೇ ಎಂದು ಗಿರಣಿಗೆ ಹೋಗಿ ಗಿರಣಿಯವನ ಮೇಲೆ ಹರಿಹಾಯ್ದೆ.

“ಹಿಟ್ಟಿನ್ಯಾಗ ಜಿಗೀನ ಇಲ್ಲ. ಹಳೇ ಜ್ವಾಳ ಬೆರಸೀಯೇನು?”

“ಅಕ್ಕಾರ, ನೀವು ತಂದ ಜ್ವಾಳಾನ ಬೀಸಿ ಕೊಟ್ಟೀನ್ರಿ,” ಎಂದ ಪಾಪ.

ಒಂದು ಬೆಳಿಗ್ಗೆ ರೊಟ್ಟಿ ತಿರುವಿ ಹಾಕುವಾಗ ಅತ್ತೆ ಚೀರಿದರು: “ಏ, ಕೈ ತಗೀ! ಬೆರಳು ಹಂಚಿನ ಮ್ಯಾಲ ಐತಿ!”

ಬೆರಳ ತುದಿ ಸುಟ್ಟು ಕೆಂಪಾಗಿತ್ತು. ನನಗೆ ಏನೂ ಗೊತ್ತಾಗಿರಲಿಲ್ಲ. ಆಗ ಮಾತ್ರ ಹೆದರಿದೆ. ಕೈಯೇ ಹೋದರೆ ನನ್ನ ರೊಟ್ಟಿ ಹೋದಂತೆಯೇ.

ರೋಣದ ದವಾಖಾನೆಯ ಡಾಕ್ಟರಮ್ಮ ರಕ್ತ ಪರೀಕ್ಷೆ ಮಾಡಿಸಿ ವಿವರಿಸಿದರು. ಮೈಯೊಳಗಿನ ಜೀವಕೋಶಗಳಿಗೂ ಊಟ ಬೇಕಂತೆ. ನರದ ಕೋಶಗಳಿಗೆ, ರಕ್ತದ ಕೋಶಗಳಿಗೆ ಬಿ ಹನ್ನೆರಡು ಎಂಬ ಜೀವಸತ್ವ ಸಾಲದೆ ಬೆರಳು ಮೆದುಳಿಗೆ ಸುದ್ದಿ ಮುಟ್ಟಿಸುವುದನ್ನೇ ಬಿಟ್ಟಿತ್ತು.

“ಅದು ರೊಟ್ಟ್ಯಾಗಿಲ್ಲ, ಪುಂಡಿಸೊಪ್ಪಿನ ಪಲ್ಲ್ಯಾಗೂ ಇಲ್ರಿ. ತತ್ತಿ, ಹಾಲು, ಮೊಸರಿನ್ಯಾಗ ಐತಿ. ಮನ್ಯಾಗ ಹಾಲಿಲ್ಲೇನ್ರಿ?”

ಕೋಳಿ ತತ್ತಿ ನಮ್ಮ ಹೊಸ್ತಿಲು ದಾಟುವುದಿಲ್ಲ. ಹಾಲೇ? ಜೊತೆಗೆ ಬಂದಿದ್ದ ಅತ್ತೆ ನನ್ನ ಮುಖ ನೋಡಿದರು, ನಾನು ಅತ್ತೆಯ ಮುಖ ನೋಡಿದೆ. ಹಟ್ಟಿಯಲ್ಲಿ ಎರಡೆಮ್ಮೆ! ಹಿಂಡಿದ ಹಾಲೆಲ್ಲ ಎರಡೂ ಹೊತ್ತು ಡೇರಿಗೆ, ನಮಗೆ ಕರೀ ಚಹಾ. ನನಗೆ ನನ್ನ ಮೇಲೆಯೇ ಸಿಟ್ಟು ಬಂತು.

ಆ ಸಂಜೆ ಅತ್ತೆ ಕ್ಯಾನು ತುಂಬುವ ಮೊದಲೇ ಒಂದು ದೊಡ್ಡ ಲೋಟ ತುಂಬಿಸಿ ನನ್ನೆದುರು ಇಟ್ಟರು. “ಮೊದ್ಲ ನೀ ಕುಡಿ. ಡೇರಿ ಆಮ್ಯಾಲ.”

ಬಿ ಹನ್ನೆರಡರ ಸೂಜಿ ಮಾಡಿಸಿಕೊಳ್ಳಲು ಮತ್ತೆ ಮತ್ತೆ ರೋಣದ ಬಸ್ಸು ಹತ್ತಿದೆ. ಊಟಕ್ಕೆ ಮೊಸರು ತಪ್ಪಲಿಲ್ಲ. ಜೋಮು ಇಳಿಯಲು ತಿಂಗಳುಗಳೇ ಹಿಡಿದವು.

ಮೊನ್ನೆ ಹಿಟ್ಟು ತಟ್ಟುವಾಗ ಎಲ್ಲಿ ದಪ್ಪ, ಎಲ್ಲಿ ತೆಳುವು ಎಂದು ಬೆರಳಿಗೇ ತಿಳಿಯಿತು. ರೊಟ್ಟಿ ಅಂಚು ಹರಿಯದೆ ಇಡಿಯಾಗಿ ಎದ್ದು ಬಂತು. ಇದನ್ನೇ ಗಿರಣಿಯವನಿಗೆ ಒಯ್ದು ತೋರಿಸಬೇಕು ಅಂದುಕೊಳ್ಳುತ್ತ ತಿರುವಿ ಹಾಕಿದೆ. ಬೆರಳು ಹಂಚಿಗೆ ತಾಗಿತು.

“ಅತ್ತೀ, ಸುಟ್ಟಿತ್ರಿ! ಖರೇನ ಸುಟ್ಟಿತ್ರಿ!”

ಅತ್ತೆ ಓಡಿ ಬಂದು ನನ್ನ ಬೆರಳು ಹಿಡಿದು ಊದತೊಡಗಿದರು. ಊದುತ್ತ ಅವರು ಅಳುತ್ತಿದ್ದರು, ನಾನು ನಗುತ್ತಿದ್ದೆ.