ಇಳಿತದ ನೀರಿನಲ್ಲಿ ಅಳೆದ ವೇಗ

ನನ್ನ ತಮ್ಮ ಮನಾಸೆ ಮಕ್ಕಳಿಗೆ ಈಜು ಕಲಿಸುತ್ತಾನೆ ಎಂದರೆ ಹೊರಗಿನವರು ನಗುತ್ತಾರೆ. ಸುತ್ತ ಸಮುದ್ರ ಇಟ್ಟುಕೊಂಡ ಟೋಂಗಾದ ಮಕ್ಕಳಿಗೆ ಈಜು ಬೇರೆ ಕಲಿಸಬೇಕೆ ಎಂದು. ನಗಲಿ ಬಿಡಿ. ಮುಳುಗದೆ ಇರುವುದು ಬೇರೆ, ಪಂದ್ಯದಲ್ಲಿ ಈಜುವುದು ಬೇರೆ.

ಅವನಿಗೆ ಈಗ ಐವತ್ತು. ಹತ್ತೊಂಬತ್ತನೆಯ ವಯಸ್ಸಿನಲ್ಲಿ ದೇಶದ ಪರವಾಗಿ ಫಿಜಿಗೆ ಹೋಗಿ ಈಜಿ ಬಂದವನು. ಹೇಗಾಯಿತು ಎಂದು ಕೇಳಿದರೆ ನೀರು ತಣ್ಣಗಿತ್ತು ಎನ್ನುತ್ತಿದ್ದ, ಅಷ್ಟೆ. ಆಮೇಲೆ ಇಪ್ಪತ್ತು ವರ್ಷ ಮೀನು ಹಿಡಿದ. ನಮ್ಮ ದ್ವೀಪದಲ್ಲಿ ಈಜುಕೊಳವಿಲ್ಲ. ದೋಣಿಕಟ್ಟೆಯ ಪಕ್ಕ ಎರಡು ಕಂಬ ನೆಟ್ಟು, ನಡುವೆ ಐವತ್ತು ಮೀಟರ್ ಹಗ್ಗ ಎಳೆದು, ಮಕ್ಕಳನ್ನು ಸೇರಿಸಿದ.

ಅವನ ಪಾಠ ನೋಡಿದರೆ ನನಗೆ ಮೈ ಉರಿಯುತ್ತಿತ್ತು. ಮೊದಲ ತಿಂಗಳು ನೀರಿಗಿಳಿಯುವಂತಿಲ್ಲ. ಮಗುಚಿದ ದೋಣಿಯ ಮೇಲೆ ಬೋರಲು ಮಲಗಿ, ಮೊಣಕೈ ಮೇಲಿಟ್ಟು ಕೈ ಆಡಿಸಬೇಕು. ಮಕ್ಕಳನ್ನೂ ಒಣಮೀನು ಮಾಡ್ತಿದ್ದೀಯೇನೋ ಎಂದು ದಾರಿಯಲ್ಲಿ ಹೋಗುವವರು ಕೆಣಕುತ್ತಿದ್ದರು. ನೀರಿಗಿಳಿದ ಮೇಲೂ ಮುಷ್ಟಿ ಬಿಗಿದೇ ಈಜಬೇಕು, ಬರೀ ಅಂಗೈಯಲ್ಲ, ಇಡೀ ಮುಂಗೈ ನೀರು ತಳ್ಳುವುದು ಗೊತ್ತಾಗಲಿ ಎಂದು. ಎಲ್ಲಕ್ಕಿಂತ ಕಷ್ಟ ತಲೆಯದು. ಎದುರಿಗೆ ಹವಳದ ಬಂಡೆ ಸಿಕ್ಕೀತೆಂದು ನಾವೆಲ್ಲ ಕತ್ತೆತ್ತಿಯೇ ಈಜುವವರು. ತಲೆ ಎತ್ತಿದರೆ ಕಾಲು ಮುಳುಗುತ್ತದೆ, ವೇಗ ಹೋಗುತ್ತದೆ. ಅದಕ್ಕೆ ಮನಾಸೆ ತಳದ ಮರಳಿನಲ್ಲಿ ಕರಿಕಲ್ಲುಗಳ ಸಾಲು ಜೋಡಿಸಿ, ಎಣಿಸುತ್ತ ಈಜಿ ಎಂದ. ದಿನಾ ಕಲ್ಲಿನ ಸಂಖ್ಯೆ ಬದಲಿಸುತ್ತಿದ್ದ. ತಪ್ಪು ಲೆಕ್ಕ ಹೇಳಿದವರು ಮತ್ತೆ ದೋಣಿಯ ಮೇಲೆ.

ಅವನ ಮಗಳು ಸೇಯಿನಿಗೆ ಹದಿನಾರು. ಐವತ್ತು ಮೀಟರನ್ನು ಮೂವತ್ತಮೂರು ಸೆಕೆಂಡಿನೊಳಗೆ ಈಜಿದರೆ ದೇಶದ ತಂಡಕ್ಕೆ ಸೇರಬಹುದಿತ್ತು. ಸೋಮವಾರದ ಹಡಗಿನಲ್ಲಿ ಅವಳ ಸಮಯ ಬರೆದ ಕಾಗದ ಹೋಗಬೇಕು. ಮನಾಸೆ ಪಕ್ಕದ ದ್ವೀಪಕ್ಕೆ ಯಾರದೋ ಸಾವಿಗೆ ಹೋಗಿದ್ದ. ನನಗೆ ತಡೆಯಲಾಗಲಿಲ್ಲ. ಶುಕ್ರವಾರ ಸಂಜೆ ಹುಡುಗಿಯನ್ನು ನೀರಿಗಿಳಿಸಿ ಗಡಿಯಾರ ನಾನೇ ಹಿಡಿದೆ. ಮೂವತ್ತೆರಡೂವರೆ! ಬರೆದು ಸಹಿ ಹಾಕಿ, ಸಂಭ್ರಮದ ಊಟಕ್ಕೆಂದು ಹಂದಿಯನ್ನೂ ಸುಡಿಸಿದೆ. ನಮ್ಮಲ್ಲಿ ಸೋದರತ್ತೆ ಒಂದು ಮಾತು ಆಡಿದಳೆಂದರೆ ಅಪ್ಪನಾದವನೂ ಎದುರಾಡುವುದಿಲ್ಲ.

ಶನಿವಾರ ಮಧ್ಯಾಹ್ನ ಮನಾಸೆ ಬಂದ. ಅಕ್ಕನೆದುರು ತಮ್ಮ ನಡೆದುಕೊಳ್ಳಬೇಕಾದಂತೆ ಒಳಗೆ ಕಾಲಿಡದೆ, ನೆಲ ನೋಡುತ್ತ ಬಾಗಿಲಾಚೆಯೇ ನಿಂತ.

"ಅಕ್ಕಾ, ನಿನ್ನೆ ಐದು ಗಂಟೆಗೆ ನೀರು ಇಳೀತಿತ್ತು. ಅವಳನ್ನ ಹೊತ್ಕೊಂಡು ಹೋಗಿದೆ. ಪಂದ್ಯ ನಡೆಯೋ ಕೊಳದ ನೀರು ಯಾರನ್ನೂ ಹೊರಲ್ಲ."

ನೀರು ಇಳಿಯಲಿ ಏರಲಿ, ಕೈ ಬೀಸಿದ್ದು ನಮ್ಮ ಹುಡುಗಿ ತಾನೆ ಎಂದು ನಾನು ಹರಿಹಾಯ್ದೆ. ಪಂದ್ಯದಲ್ಲಿ ಕೊನೆಯವಳಾದರೂ ಚಿಂತೆಯಿಲ್ಲ, ವಿಮಾನ ಹತ್ತಿ ನಾಲ್ಕು ಊರು ನೋಡಿ ಬರಲಿ ಎಂದೆ.

ಅವನು ನೆಲ ನೋಡುತ್ತಲೇ ಹೇಳಿದ. "ಫಿಜೀಲಿ ಉಳಿದವರೆಲ್ಲ ಮೈ ಒರೆಸ್ಕೊಳ್ತಿದ್ರು, ನಾನಿನ್ನೂ ಈಜ್ತಿದ್ದೆ. ಪಾಪ ಅಂತ ಜನ ಎದ್ದು ನಿಂತು ಚಪ್ಪಾಳೆ ತಟ್ಟಿದ್ರು. ನನ್ನ ಮಗಳಿಗೆ ಆ ಚಪ್ಪಾಳೆ ಬೇಡ ಅಕ್ಕಾ."

ಮೂವತ್ತೊಂದು ವರ್ಷದ ಹಿಂದೆ ಅವನನ್ನು ಫಿಜಿಗೆ ಕಳಿಸಿದ ಆ ಈಜಿಗೂ ಕಟ್ಟೆಯ ಮೇಲೆ ಗಡಿಯಾರ ಹಿಡಿದವಳು ನಾನೇ. ಅಂದೂ ನೀರು ಯಾವ ಕಡೆ ಹರಿಯುತ್ತಿದೆ ಎಂದು ನೋಡಿರಲಿಲ್ಲ. ಅದನ್ನು ಅವನು ಈಗಲೂ ಬಾಯಿಬಿಟ್ಟು ಹೇಳಲಿಲ್ಲ. ಗಡಿಯಾರ ಕೈಗೆತ್ತಿಕೊಂಡು, ನೀರು ನಿಂತಾಗ ಇನ್ನೊಮ್ಮೆ ಅಳೆಯೋಣ ಎಂದೆ.

ನಾಲ್ಕು ಗಂಟೆಗೆ ಭರತ ಮುಗಿದು ನೀರು ಏರದೆ ಇಳಿಯದೆ ನಿಂತಿತು. ಸೇಯಿನಿ ಸಿಟ್ಟಿನಲ್ಲೇ, ನಿನ್ನೆಯಂತೆ ಅಂಗಿ ತೊಟ್ಟುಕೊಂಡೇ ಇಳಿದಳು. ಒಮ್ಮೆಯೂ ತಲೆ ಎತ್ತಲಿಲ್ಲ. ಅಷ್ಟು ಚೆಂದದ ಈಜನ್ನು ನಾನು ಈ ಕಟ್ಟೆಯಲ್ಲಿ ನೋಡಿಲ್ಲ. ಆಚೆ ಕಂಬ ಮುಟ್ಟಿ, ಏದುಸಿರು ಬಿಡುತ್ತ ಕೇಳಿದಳು: "ಅತ್ತೆ, ಎಷ್ಟು?"

ಮನಾಸೆ ದೂರದಲ್ಲಿ ನಿಂತಿದ್ದ. ಗಡಿಯಾರದ ಮುಖ ಕಾಣುತ್ತಿದ್ದುದು ನನಗೊಬ್ಬಳಿಗೇ. ಏನು ಹೇಳಿದ್ದರೂ ನಡೆಯುತ್ತಿತ್ತು.

ಗಡಿಯಾರ ತೋರಿಸಿದ್ದನ್ನೇ ಹೇಳಿದೆ, ಮೂವತ್ತನಾಲ್ಕು ಎಂದು. ಸೇಯಿನಿ ಕಂಬ ತಬ್ಬಿಕೊಂಡು ಅಳತೊಡಗಿದಳು. ತಪ್ಪು ನನ್ನದು ಮಗಳೇ ಎಂದೆ, ಅವಳಪ್ಪನಿಗೂ ಕೇಳಿಸುವಷ್ಟು ಗಟ್ಟಿಯಾಗಿ.